ಅಲ್ಯೂಮಿನಿಯಂ ಬುಷ್

ಓಡುವ ಯಂತ್ರದ ಬೇರಿಂಗಿನ ಮೇಲೆ ನಾನು ಹಿಂಗೈ ಇಟ್ಟು ನೋಡುತ್ತಿದ್ದೆ, ಮಗುವಿನ ಹಣೆಯ ಜ್ವರ ನೋಡುವ ಹಾಗೆ. ಹಿಟ್ಟಿನ ಗಿರಣಿಯವರು ಅದನ್ನು ಕಂಡು ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಗಂಡ ತೀರಿಕೊಂಡ ಮೇಲೆ ನನಗೆ ಲೋಹ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಸಿದವರು ಮಾವ ಮೌನೇಶಾಚಾರಿ. ಅವರ ಕಣ್ಣು ಮಂಜಾಗುತ್ತಿತ್ತು. ತೊಟ್ಟಿಲನ್ನು ಲೇತಿನ ಪಕ್ಕದ ತೊಲೆಗೆ ಕಟ್ಟಿ, ಮಗಳು ನಾಗವೇಣಿ ನಿದ್ದೆ ಮಾಡುವಷ್ಟು ಹೊತ್ತು ಕಾಲ್ಬೆರಳ ಮೇಲೆ ನಿಂತು ಕೆಲಸ ಮಾಡುತ್ತಿದ್ದೆ.

ಗಿರಣಿಯ ಉದ್ದನೆಯ ಶಾಫ್ಟ್ ತಿರುಗುವುದು ಬೇರಿಂಗಿನ ಬುಷ್‌ನೊಳಗೆ. ಬುಷ್ ಎಂದರೆ ಶಾಫ್ಟಿಗೆ ತೊಡಿಸುವ ದಪ್ಪ ಬಳೆ, ಅಷ್ಟೆ. ಬಾಲ್ ಬೇರಿಂಗಿನಂತೆ ಗುಂಡುಗಳಿಲ್ಲ, ನಡುವೆ ಎಣ್ಣೆಯ ತೆಳು ಪದರ ಮಾತ್ರ. ಮಾವ ಜೀವಮಾನವಿಡೀ ಅದನ್ನು ಗನ್‌ಮೆಟಲ್ ಎಂಬ ಗಟ್ಟಿ ಕಂಚಿನಲ್ಲೇ ಮಾಡಿದ್ದರು. ಆದರೆ ಧಾನ್ಯದ ಜೊತೆ ಬರುವ ಮರಳು ಒಳಸೇರಿ ಶಾಫ್ಟನ್ನೇ ಗೀರುತ್ತಿತ್ತು. ಹಾಗೆ ಹಾಳಾದ ಎರಡು ಶಾಫ್ಟ್ ಆಗಲೇ ಗುಜರಿ ಸೇರಿದ್ದವು. ನಾನು ಅಲ್ಯೂಮಿನಿಯಂ ಕರಗಿಸಿ, ಐದರಲ್ಲೊಂದು ಪಾಲು ತವರ, ಚೂರು ತಾಮ್ರ ಬೆರೆಸಿ ಎರಕ ಹೊಯ್ದೆ. ಮೆತ್ತಗಿನ ಲೋಹ ಮರಳನ್ನು ತನ್ನೊಳಗೇ ಹುದುಗಿಸಿಕೊಂಡು ಶಾಫ್ಟನ್ನು ಉಳಿಸುತ್ತದೆ ಎಂಬುದು ನನ್ನ ಎಣಿಕೆ.

"ಅನ್ನದ ಪಾತ್ರೆ ಮಾಡೋ ಲೋಹ ಅದು," ಎಂದರು ಮಾವ.

ಮೊದಲ ಬುಷ್ ಅರ್ಧ ಗಂಟೆಗೆ ಶಾಫ್ಟನ್ನು ಕಚ್ಚಿ ಹಿಡಿಯಿತು. ತಪ್ಪು ನನ್ನದೇ. ಕೈಗೆ ಬಂದ ರೂಢಿಯಂತೆ ಗನ್‌ಮೆಟಲ್‌ಗೆ ಬಿಡುವಷ್ಟೇ ಸಂದು ಬಿಟ್ಟಿದ್ದೆ. ಅಲ್ಯೂಮಿನಿಯಂ ಬಿಸಿಗೆ ಅದಕ್ಕಿಂತ ಹೆಚ್ಚು ಹಿಗ್ಗುತ್ತದೆ; ಹೊರಗೆ ಕಬ್ಬಿಣದ ಗೂಡು ತಡೆಯುವುದರಿಂದ ಒಳಮುಖವಾಗಿ ಹಿಗ್ಗಿ ಸಂದನ್ನು ಮುಚ್ಚುತ್ತದೆ. ಜೋಳದ ಡಬ್ಬ ಹೊತ್ತು ಬಂದಿದ್ದ ಹೆಂಗಸರು ಬೀಸಿಸದೆ ಹಿಂದಿರುಗಿದರು. ಇನ್ನೊಂದು ಕೆಟ್ಟರೆ ನೀನು ಮತ್ತೆ ಲೇತ್ ಮುಟ್ಟುವಂತಿಲ್ಲ ಎಂದು ಮಾವ ಅಂದೇ ಹೇಳಿಬಿಟ್ಟರು.

ಎರಡನೆಯದನ್ನು ಸಂದು ಹೆಚ್ಚಿಸಿ ಕೊರೆದೆ. ಗಿರಣಿ ಶುರುವಾದೊಡನೆ ಶಾಫ್ಟ್ ಟಕಟಕ ಬಡಿಯತೊಡಗಿತು.

"ಏನಕ್ಕ, ಅವಲಕ್ಕಿ ಕುಟ್ಟೋಕೆ ಹೊರಟಿದೀರಾ?" ಎಂದ ಗಿರಣಿಯ ಗುರುಸಿದ್ದಪ್ಪ.

ಮಾವ ನಗಲಿಲ್ಲ. "ನಿಲ್ಸಮ್ಮ. ಸಡಿಲ ಆಗಿದೆ."

"ನಿಲ್ಸಲ್ಲ ಮಾವಯ್ಯ. ತಣ್ಣಗಿದ್ದಾಗ ಸಡಿಲ ಇರ್ಲೇಬೇಕು. ಬಿಸಿ ಆಗ್ಲಿ."

"ನನ್ ಮಾತು ಮೀರ್ತೀಯಾ?"

"ಇವತ್ತು ಮೀರ್ತೀನಿ."

ಅವರಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಸ್ವಿಚ್ಚಿನ ಕಡೆ ಅವರು ಕೈ ಚಾಚಿದಾಗ ಮಗುವನ್ನು ಸೊಂಟದ ಮೇಲಿಟ್ಟುಕೊಂಡೇ ಅಡ್ಡ ನಿಂತೆ. ಇನ್ನೊಂದು ಕೈಯ ಹಿಂಗೈ ಬೇರಿಂಗಿನ ಮೇಲಿತ್ತು. ಅದು ಬೆಚ್ಚಗಾಗುತ್ತ ಬಂದಂತೆ ಬಡಿತ ಸಣ್ಣದಾಯಿತು. ಕೊನೆಗೆ ಕಲ್ಲಿನಡಿ ಜೋಳ ಒಡೆಯುವ ಸದ್ದಷ್ಟೇ ಉಳಿಯಿತು. ಗುರುಸಿದ್ದಪ್ಪ ಮುಂದಿನ ಡಬ್ಬ ಎತ್ತಿಕೊಂಡ.

ತಿಂಗಳಾದ ಮೇಲೆ ಮಾವನೇ ಬುಷ್ ಬಿಚ್ಚಿಸಿದರು. ಅದರ ಒಳಮೈಯಲ್ಲಿ ಮರಳಿನ ಕಣಗಳು ಗಸಗಸೆಯಂತೆ ಕೂತಿದ್ದವು. ಶಾಫ್ಟಿನ ಮೇಲೆ ಅವರು ಉಗುರು ಎಳೆದು ನೋಡಿದರು, ತಿರುಗಿಸಿ ಮತ್ತೆ ಎಳೆದರು. ಉಗುರು ಎಲ್ಲೂ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಮುಸುರೆ ತಿಕ್ಕುತ್ತಿದ್ದಾಗ ಸುತ್ತಿಗೆಯ ಸದ್ದು ಕೇಳಿ ಒಳಗೆ ಹೋದೆ. ಮಾವ ತುಟಿಗಳ ನಡುವೆ ಮೊಳೆ ಕಚ್ಚಿಕೊಂಡು, ನಾನು ಕಾಲ್ಬೆರಳ ಮೇಲೆ ನಿಲ್ಲಬೇಕಾಗುತ್ತಿದ್ದ ಆ ಲೇತಿನ ಮುಂದೆ, ತಡವರಿಸುತ್ತ ಒಂದು ಮಣೆ ಬಡಿಯುತ್ತಿದ್ದರು.