ಮಾದರಿ ಉತ್ತರ

ನಾಲ್ಕನೆಯವನ ಕತೆಯಲ್ಲೂ ಸತ್ತವನು ಗೇಟಿನ ಹತ್ತಿರ ತಿರುಗಿ ಕೈ ಬೀಸಿದ.

ಮೊದಲನೆಯವಳಿಗೆ ಅವನು ಅಣ್ಣನಾಗಿದ್ದ. ಎರಡನೆಯವನಿಗೆ ಸೋದರಮಾವ. ಮೂರನೆಯವಳಿಗೆ ಪಕ್ಕದ ಮನೆಯ ಮೇಷ್ಟ್ರು. ಇವನಿಗೆ ಚಿಕ್ಕಪ್ಪ. ನಾಲ್ವರೂ ಬೇರೆ ಬೇರೆ ದೇಶದವರು. ಆದರೂ ನಾಲ್ವರ ಕಣ್ಣೆದುರಿಗೂ ಒಬ್ಬನೇ ಮನುಷ್ಯ ಬೆಳಿಗ್ಗೆ ಎಂಟೂ ಹತ್ತಕ್ಕೆ ಹೊರಟು, ಗೇಟಿನ ಹತ್ತಿರ ತಿರುಗಿ, ನಕ್ಕು, ಕೈ ಬೀಸಿ, ಬಸ್ ಸ್ಟಾಪಿನಲ್ಲಿ ಕುಸಿದು ಬಿದ್ದಿದ್ದ.

ಅವನು, ಎದುರಿಗೆ ಕೂತು ಕೇಳುತ್ತಿದ್ದ ಪರೀಕ್ಷಕಿಯ ಗಂಡ.

ಅವಳು ಹುಬ್ಬು ಗಂಟಿಕ್ಕಲಿಲ್ಲ. ಪರೀಕ್ಷಕಿಯ ಮುಖದಲ್ಲಿ ಏನೂ ಕಾಣಬಾರದು. 'ನೀವು ಮರೆಯಲಾಗದ ಒಬ್ಬ ವ್ಯಕ್ತಿಯ ಬಗ್ಗೆ ಎರಡು ನಿಮಿಷ ಮಾತಾಡಿ' ಎಂಬ ಚೀಟಿ ಕೊಡಬೇಕು, ರೆಕಾರ್ಡರ್ ಒತ್ತಬೇಕು, ಕೇಳಿಸಿಕೊಳ್ಳಬೇಕು, ಕೊನೆಗೊಂದು ಪ್ರಶ್ನೆ ಹಾಕಬೇಕು, ಅಂಕ ಬರೆಯಬೇಕು. ಹೊರದೇಶಗಳಿಂದ ಇಂಗ್ಲಿಷ್ ಕಲಿಯಲು ಬಂದವರಿಗೆ ಇದು ಒಳಪರೀಕ್ಷೆ. ಒಂಬತ್ತಕ್ಕೆ ಏಳು ಅಂಕ ಬಂದವರನ್ನು ಮಾತ್ರ ಸ್ಕೂಲು ನಿಜವಾದ ಪರೀಕ್ಷೆಗೆ ಕಳಿಸುತ್ತದೆ.

ಅವಳು ಏಳು ಬರೆದಳು. ತಪ್ಪಿರಲಿಲ್ಲ. ತಪ್ಪಿರುವುದಾದರೂ ಹೇಗೆ, ಆ ವಾಕ್ಯಗಳನ್ನು ಕಟ್ಟಿದವಳೇ ಅವಳು.

ಮೂರು ತಿಂಗಳ ಹಿಂದೆ ತರಗತಿಯಲ್ಲಿ ಒಬ್ಬರೂ ಬಾಯಿ ಬಿಡದಿದ್ದಾಗ, ಮಾದರಿಗೆಂದು ತಾನೇ ಗಂಡನ ಸಾವಿನ ಬಗ್ಗೆ ಎರಡು ನಿಮಿಷ ಮಾತಾಡಿ ತೋರಿಸಿದ್ದಳು. ಹೇಳುವಾಗ ಏನೂ ಅನ್ನಿಸಿರಲಿಲ್ಲ. ಸಮಯಕ್ಕೆ ಸರಿಯಾಗಿ ಮುಗಿಯಿತಲ್ಲ ಎಂದು ಸಮಾಧಾನವಾಗಿತ್ತು. ಯಾರೋ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು.

ಬಿಡುವಿನಲ್ಲಿ ಪ್ರಿನ್ಸಿಪಾಲರ ಕೋಣೆಗೆ ಹೋದಳು.

"ಸರ್, ಎಲ್ಲರೂ ಒಂದೇ ಉತ್ತರ ಹೇಳ್ತಿದಾರೆ."

"ಒಳ್ಳೇದಾಯ್ತಲ್ಲಮ್ಮ. ನೆಟ್ಟಗಿರೋದು ಒಂದಿದ್ರೆ ಸಾಕು."

"ಅದು ನಂದು ಸರ್."

"ಗೊತ್ತು. ಅದಕ್ಕೇ ಝೆರಾಕ್ಸ್ ಮಾಡಿಸಿ ಹಂಚಿಸಿದ್ದು." ಡ್ರಾಯರಿನಿಂದ ಹಾಳೆ ತೆಗೆದು ಅವಳ ಕಡೆ ತಳ್ಳಿದರು. 'ಮಾದರಿ ಉತ್ತರ ೧೪: ಸಾವು.' ಹದಿಮೂರನೆಯದು ಪ್ರವಾಸ. ಹದಿನೈದನೆಯದು ಸಾಕುಪ್ರಾಣಿ. "ನಿಮ್ಮ ಹೆಸರು ಹಾಕಿಸ್ಬೇಕಿತ್ತಾ?"

"ಹೆಸರಿಗಲ್ಲ..."

"ಮತ್ತೆ?"

ಅವಳು ಹಾಳೆಯನ್ನು ಮಡಚಿದಳು, ಬಿಚ್ಚಿದಳು.

"ಒಂದು ಮಾತು," ಎಂದರು ಪ್ರಿನ್ಸಿಪಾಲರು. "ಕೊನೇಲಿ ಸ್ವಲ್ಪ ನಗೋಕೆ ಹೇಳಿ. ಎಲ್ಲಾ ಅಳುಮುಂಜಿ ಥರ ನಿಲ್ಲಿಸ್ತಾರೆ. ನಕ್ರೆ ಅರ್ಧ ಅಂಕ ಜಾಸ್ತಿ ಬೀಳುತ್ತೆ."

ಅವಳು ಹೇಳಬೇಕೆಂದಿದ್ದುದು ಇಷ್ಟೇ: ಅವನು ಕೈ ಬೀಸಿರಲಿಲ್ಲ.

ಕೈ ಬೀಸಿಸಿದ್ದು ಅತ್ತೆಗೋಸ್ಕರ. 'ಹೋಗೋವಾಗ ಹೇಗಿದ್ದನೇ ನನ್ನ ಮಗ?' ಎಂದು ಅತ್ತೆ ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಕೇಳಿದಾಗ ಗೇಟು, ನಗು, ಕೈ ಒಟ್ಟಿಗೇ ಅವಳ ಬಾಯಿಂದ ಬಿದ್ದಿದ್ದವು. ಅತ್ತೆ ಅದನ್ನೇ ಫೋನಿನಲ್ಲಿ ನೆಂಟರಿಗೆಲ್ಲ ಹೇಳುತ್ತಾರೆ. ಅತ್ತೆಯನ್ನು ಮನೆಗೆ ಕರೆತರುವ ವಿಷಯಕ್ಕೇ ಗಂಡ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದರು. ಆ ಬೆಳಿಗ್ಗೆ ಅವನು ಬಾಗಿಲಲ್ಲಿ ನಿಂತು 'ಬರ್ತೀನಿ' ಅಂದ. ಅವಳು ಅವನದೇ ಅಂಗಿಗೆ ಇಸ್ತ್ರಿ ಹಾಕುತ್ತ, ತಿರುಗದೆ, 'ಬರ್ದಿದ್ರೂ ನಡಿಯುತ್ತೆ' ಅಂದಳು. ಅವನ ಮುಖ ಹೇಗಾಯಿತೋ ನೋಡಲಿಲ್ಲ.

ಆ ಒಂದು ಮಾತನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಅವನ ಸಾವಿನಲ್ಲಿ ಅವಳ ಪಾಲಿಗೆ ಉಳಿದಿದ್ದು ಅದೊಂದೇ. ಈಗ ಅದನ್ನು ನೆನೆಯಹೊರಟರೆ ನಾಲ್ಕು ಬಾಯಿ ಸೇರಿ ಅವನ ಕೈ ಎತ್ತಿಸುತ್ತಿದ್ದವು.

ಐದನೆಯವಳು ನರ್ಸು. ನಲವತ್ತು ದಾಟಿದವಳು, ಮಕ್ಕಳಿಬ್ಬರನ್ನು ತಾಯಿಯ ಹತ್ತಿರ ಬಿಟ್ಟು ಬಂದವಳು. ತರಗತಿಯಲ್ಲಿ ಎಲ್ಲರಿಗೂ ದೊಡ್ಡಕ್ಕ. ಈ ಪರೀಕ್ಷೆಗೆ ಅವಳು ಕೂರುತ್ತಿರುವುದು ಇದು ನಾಲ್ಕನೆಯ ಸಲ. ಕೆಲಸ ಕೊಡಲಿರುವ ಆಸ್ಪತ್ರೆಯವರು ಈ ತಿಂಗಳವರೆಗೆ ಮಾತ್ರ ಕಾಯುತ್ತಾರೆ.

"ನನ್ನ ಪತಿಯವರು ಅಂದು ಪ್ರಾತಃಕಾಲ..." ದೊಡ್ಡಕ್ಕ ನಿಂತಳು. "ಪತಿಯವರು ಗೇಟಿನ ಸಮೀಪ..." ತುಟಿ ಸವರಿಕೊಂಡಳು. ಆಮೇಲೆ ಬೇರೆಯದೇ ದನಿಯಲ್ಲಿ, ವ್ಯಾಕರಣವನ್ನು ಗಾಳಿಗೆ ತೂರಿ ಹೇಳಿದಳು: "ನಾನು ನೋಡಿಲ್ಲ. ಪಾತ್ರೆ ತೊಳೀತಾ. ಸಿಟ್ಟು. ಅವನು ಬಾಗಿಲು. ನಾನು, ಹೋಗು, ಬರಬೇಡ. ಅವನು ಒಳ್ಳೇವನು. ಹೇಳಿದ್ದು ಕೇಳ್ತಾನೆ. ಬರಲಿಲ್ಲ."

ಇದು ಹಾಳೆಯಲ್ಲಿಲ್ಲ. ಪರೀಕ್ಷಕಿ ರೆಕಾರ್ಡರ್ ನಿಲ್ಲಿಸಿದಳು.

"ಇದನ್ನ ಯಾರು ಹೇಳ್ಕೊಟ್ರು ನಿಮಗೆ?"

"ಯಾರೂ ಇಲ್ಲ ಮೇಡಂ. ಬಾಯಿಪಾಠ ಮಾಡಿದ್ದು ಮರ್ತೋಯ್ತು. ಗಾಬರೀಲಿ ನಂದೇ ಹೇಳ್ಬಿಟ್ಟೆ. ತಪ್ಪಾಯ್ತು."

"ನಿಮ್ಮ ಗಂಡ..."

"ಹೋಗಿ ಆರು ವರ್ಷ. ನಮ್ಮಮ್ಮಂಗೂ ಹೇಳಿಲ್ಲ ಇದನ್ನ." ದೊಡ್ಡಕ್ಕ ಅಂಕಪಟ್ಟಿಯತ್ತ ಕತ್ತು ಚಾಚಿದಳು. "ಎಷ್ಟು ಬಂತು ಮೇಡಂ?"

ಆರಂಭವಿಲ್ಲ, ಮುಕ್ತಾಯವಿಲ್ಲ, ಅರ್ಧ ವಾಕ್ಯಗಳಿಗೆ ಕ್ರಿಯಾಪದವೇ ಇಲ್ಲ.

"ನಾಲ್ಕು."

"ಹಂಗಾದ್ರೆ ಊರಿಗೆ ಹೋಗೋದೇ" ಎಂದಳು ದೊಡ್ಡಕ್ಕ, ಬಸ್ಸಿನ ವೇಳೆ ಹೇಳಿದ ಹಾಗೆ.

ಅವಳಿಗೆ ಸಿಟ್ಟು ನೆತ್ತಿಗೇರಿತು. ಪ್ರಿನ್ಸಿಪಾಲರ ಮೇಲೆ, ಅತ್ತೆಯ ಮೇಲೆ, ಹೇಳಿದ ಮಾತು ಕೇಳಿಸಿಕೊಂಡು ಸತ್ತವನ ಮೇಲೆ. ಎಲ್ಲರಿಗಿಂತ ಹೆಚ್ಚಾಗಿ ಈ ಹೆಂಗಸಿನ ಮೇಲೆ. ತಾನು ಹಲ್ಲು ಕಚ್ಚಿ ಇಟ್ಟುಕೊಂಡದ್ದನ್ನು ಇವಳು ಗಾಬರಿಯಲ್ಲಿ ಚೆಲ್ಲಿಬಿಟ್ಟಳು. ಚೆಲ್ಲಿ, ನಾಲ್ಕು ಅಂಕ ತಗೊಂಡಳು!

ಗುಂಡಿ ಒತ್ತಿದಳು. 'ಅಳಿಸಬೇಕೇ?' ಎಂದು ರೆಕಾರ್ಡರ್ ಕೇಳಿತು. ಉಗುರು ಬೆಳ್ಳಗಾಗುವಷ್ಟು ಜೋರಾಗಿ ಒತ್ತಿದಳು.

"ಮೊದಲಿಂದ ಹೇಳಿ. ಹಾಳೇಲಿರೋದಷ್ಟೇ. ಮರ್ತ್ರೆ ನನ್ನ ತುಟಿ ನೋಡಿ."

ದೊಡ್ಡಕ್ಕ ನೋಡಿದಳು. ಅವಳು ದನಿಯಿಲ್ಲದೆ ತುಟಿಯಾಡಿಸಿದಳು, ದೊಡ್ಡಕ್ಕ ದನಿ ಕೊಟ್ಟಳು. ಪತಿಯವರು ಹೊರಟರು, ಹಿಂತಿರುಗಿದರು, ಕೈ ಬೀಸಿದರು, ಕುಸಿದರು. ಕೊನೆಗೆ ಅವಳ ತುಟಿ 'ನಗಿ' ಎಂದಿತು. ದೊಡ್ಡಕ್ಕ ನಕ್ಕಳು.

ಏಳು.

ಬಾಗಿಲವರೆಗೆ ಹೋದ ದೊಡ್ಡಕ್ಕ ಅಲ್ಲೇ ನಿಂತಳು. "ನೀವು ಪುಣ್ಯವಂತರು ಮೇಡಂ. ನಿಮ್ಮೋರು ಕೈ ಬೀಸಿಯಾದ್ರೂ ಹೋದ್ರು."

"ಮುಂದಿನವರನ್ನ ಕಳಿಸಿ."

ಟೈ ಕಟ್ಟಿದ ಇಂಜಿನಿಯರ್ ಒಬ್ಬ ಬಂದು ಕೂತ. ಚೀಟಿಯನ್ನು ತೆಗೆದುಕೊಳ್ಳಲೂ ಇಲ್ಲ. ಕಣ್ಣನ್ನು ಎದುರಿನ ಗೋಡೆಗೆ ನೆಟ್ಟು ಶುರು ಮಾಡಿದ. ಅವನಿಗೆ ಸತ್ತವನು ಬಾಲ್ಯದ ಗೆಳೆಯ. ಅವಳು ರೆಕಾರ್ಡರ್ ಒತ್ತಿ ಎದ್ದಳು. ಹೊರಗೆ ಬಂದು ಬಾಗಿಲು ಹಾಕಿಕೊಂಡಳು. ಎಲ್ಲಿಗೆ ಹೋಗಬೇಕೆಂದು ತಿಳಿಯಲಿಲ್ಲ.

ಬಾಗಿಲಿನ ಗಾಜಿನಿಂದ ಒಳಗೆ ನೋಡಿದಳು. ಅವನು ನಿಲ್ಲಿಸಿರಲಿಲ್ಲ. ಎರಡು ನಿಮಿಷಕ್ಕೆ ಸರಿಯಾಗಿ ಮುಗಿಸಿ, ಅವಳ ಖಾಲಿ ಕುರ್ಚಿಯ ಕಡೆ ತಿರುಗಿ ನಕ್ಕ. ಆಮೇಲೆ, ಕುರ್ಚಿ ಏನೋ ಕೇಳಿತೆಂಬಂತೆ ವಿನಯದಿಂದ ತಲೆಯಾಡಿಸಿ, ಅದಕ್ಕೂ ಉತ್ತರ ಹೇಳತೊಡಗಿದ.