ಸಮಾಧಿ ಮೇಲಿನ ಹೊಗೆಸೊಪ್ಪು

ಅತ್ತೆಯ ಬಾಯಲ್ಲಿ ಸತ್ತ ಮಾವ ಮಾತಾಡುತ್ತಾರೆ ಎಂಬುದನ್ನು ಅರ್ಪಿತ ಗಂಡನಿಗೂ ಹೇಳಿರಲಿಲ್ಲ. ಹೇಳಿದರೆ ವೇಣು ನಗುತ್ತಾನೆ, ಇಲ್ಲವೇ ಹೆದರುತ್ತಾನೆ. ಎರಡೂ ಅವಳಿಗೆ ಬೇಕಿರಲಿಲ್ಲ. ಕೋಲಾರದ ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ಕೂತು ಸಂಬಳ ತರುವ ಸೊಸೆ ದೆವ್ವದ ಸುದ್ದಿ ಎತ್ತಿದರೆ ಊರು ಬಿಟ್ಟೀತೇ? ಆದರೆ ಕಿವಿಗೆ ಬಿದ್ದದ್ದು ಬಿದ್ದಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಭಾನುವಾರ ಅದು, ಅಮಾವಾಸ್ಯೆ. ಅತ್ತೆಯನ್ನು ಊಟಕ್ಕೆ ಕರೆಯೋಣವೆಂದು ಅವಳು ಹೊಲದ ಮೂಲೆಗೆ ಹೋಗಿದ್ದಳು. ಟೇಕಲ್ ಬೆಟ್ಟದ ಬಂಡೆಗಳು ಕಾದಿದ್ದವು, ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಎದೆಯೆತ್ತರದ ಹೊಗೆಸೊಪ್ಪಿನ ಗಿಡಗಳ ಆಚೆಯಿಂದ ಮಾವನ ಕೆಮ್ಮು ಕೇಳಿಸಿತು. ಹಿಂದೆಯೇ ಮಾವನದೇ ದನಿ, ಮಾವನದೇ ತೆಲುಗು.

"ಏಮೇ, ಆಕು ಉಂದಾ?"

ಎಲೆ ಇದೆಯೇನೇ ಎಂದು ಚನ್ನರಾಯಪ್ಪ ಬದುಕಿದ್ದಷ್ಟು ದಿನವೂ ಹೆಂಡತಿಯನ್ನು ಕೇಳುತ್ತಿದ್ದ ಮಾತು. ಅವರು ಸತ್ತು ಮೂರನೆಯ ವರ್ಷ ನಡೆಯುತ್ತಿತ್ತು. ಅರ್ಪಿತ ಗಿಡ ಸರಿಸಿ ನೋಡಿದರೆ ಅಲ್ಲಿ ಅತ್ತೆ ಆದಿಲಕ್ಷ್ಮಮ್ಮ ಒಬ್ಬರೇ, ಗಂಡನ ಸಮಾಧಿಗೆ ಮುಖ ಮಾಡಿ, ಕಾಲು ಚಾಚಿ ಕೂತಿದ್ದರು. "ಉಂದಿ, ತೀಸ್ಕೋಂಡಿ," ಇದೆ ತಗೊಳ್ಳಿ ಎಂದು ಈಗ ತಮ್ಮದೇ ದನಿಯಲ್ಲಿ ಹೇಳಿ, ಒಣಗಿದ ಎಲೆಯೊಂದನ್ನು ಮಣ್ಣಿನ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ಎತ್ತಿ ಕಣ್ಣಿಗೊತ್ತಿಕೊಂಡು, ಸುಣ್ಣ ಸವರಿ, ದವಡೆಗೆ ಒತ್ತಿಕೊಂಡರು. ಪ್ರಸಾದ ತಿಂದವರ ಹಾಗೆ ಕಣ್ಣು ಮುಚ್ಚಿದರು.

ಆ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಮಣ್ಣು ಮಾಡುವುದು. ಚನ್ನರಾಯಪ್ಪನಿಗೆ ಸಿಕ್ಕಿದ್ದು ಹೊಗೆಸೊಪ್ಪಿನ ಮೂಲೆ. ರೇಷ್ಮೆ ಹುಳುವಿಗೆ ಹೊಗೆಸೊಪ್ಪಿನ ಸೋಂಕು ಆಗದು, ಆದ್ದರಿಂದ ಹಿಪ್ಪುನೇರಳೆ ತೋಟದಿಂದ ಸಾಕಷ್ಟು ದೂರದಲ್ಲಿ, ಬಂಡೆಯ ಮರೆಯಲ್ಲಿ, ಮನೆಬಳಕೆಗೆ ಅಂತ ನಾಲ್ಕು ಸಾಲು ಹಾಕುತ್ತಿದ್ದರು. ಮೇಕೆ ಕೂಡ ಮೂಸಿ ನೋಡದ ಗಿಡ. ಬೇಲಿಯ ಗೊಡವೆ ಇಲ್ಲ. ಮಾವ ಹೋದ ಮೇಲೆ ಆದಿಲಕ್ಷ್ಮಮ್ಮ ಸಮಾಧಿಯ ದಿಬ್ಬದ ಮೇಲೂ ಸಸಿ ನೆಟ್ಟರು. ಅಮಾವಾಸ್ಯೆಗೆ ಆ ಎಲೆಯನ್ನು ಗಂಡನಿಗೆ ಎಡೆ ಇಟ್ಟು, ಅವರು ತಿಂದು ಉಳಿಸಿದ್ದನ್ನು ತಾವು ತಿನ್ನುವುದು ಅಂತ ನೇಮ ಮಾಡಿಕೊಂಡರು. ಉಳಿದ ದಿನ ಆಗಾಗ ಅಡಕೆಯ ಜೊತೆ ಹಾಕಿಕೊಳ್ಳುತ್ತಿದ್ದುದೂ ಆ ದಿಬ್ಬದ ಎಲೆಯನ್ನೇ. ಪ್ರೀತಿ ಎನ್ನಿ, ಹುಚ್ಚು ಎನ್ನಿ, ಅವರಿಗೆ ಅದರಲ್ಲಿ ಅಂಥ ವ್ಯತ್ಯಾಸವೇನೂ ಕಾಣುತ್ತಿರಲಿಲ್ಲ.

ಕೆಮ್ಮು ಕೇಳಿಸಿದ್ದಷ್ಟೇ ಆಗಿದ್ದರೆ ಅರ್ಪಿತ ತೆಪ್ಪಗಿರುತ್ತಿದ್ದಳು. ಆದರೆ ಅತ್ತೆಗೆ ಮಾವನ ಕಾಯಿಲೆಯೇ ಬಂದಿತ್ತು. ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುವುದು, ಊಟ ಸೇರದಿರುವುದು, ಮುದ್ದೆ ತೊಳಸುವ ಕೋಲು ಹಿಡಿದರೆ ಬಲಗೈ ಮಣಿಕಟ್ಟಿನಿಂದ ಜೋತು ಬೀಳುವುದು. ನಕ್ಕರೆ ವಸಡಿನ ಅಂಚಿನಲ್ಲಿ ನೀಲಿ ಗೆರೆ. ಮಾವನಿಗೂ ಹೀಗೇ ಆಗಿತ್ತು. ಕುಡಿತ ಜಾಸ್ತಿ ಎಂದು ಆಸ್ಪತ್ರೆಯಲ್ಲಿ ಯಾರೋ ಷರಾ ಬರೆದರು, ಹೆಂಡ ಮುಟ್ಟದ ಮನುಷ್ಯನಿಗೆ! ಈಗ ಅದೇ ಕೈ ಅತ್ತೆಯ ಭುಜದಿಂದ ಇಳಿಬಿದ್ದಿದೆ ಎನ್ನಿಸಿ ಅರ್ಪಿತಳಿಗೆ ಅವರ ಎದುರು ಊಟಕ್ಕೆ ಕೂರಲೂ ಭಯವಾಗತೊಡಗಿತು.

ಪಕ್ಕದ ಮನೆಯ ಮುತ್ಯಾಲಮ್ಮನಿಗೆ ಯಾವ ಅನುಮಾನವೂ ಇರಲಿಲ್ಲ.

"ಗಂಡ ಕರೀತಾ ಅವ್ನೆ ಕಣೇ. ಆಸೆ ತೀರಿಲ್ಲ ಅವ್ನಿಗೆ. ಅಮಾವಾಸ್ಯೆಗ್ ಮಾತ್ರ ಇಟ್ರೆ ಸಾಲ್ದು, ದಿನಾ ಇಡು. ತಿಂದು ತೃಪ್ತಿಯಾದ್ರೆ ಬಿಟ್ಟೋಗ್ತಾನೆ."

ಆದಿಲಕ್ಷ್ಮಮ್ಮ ದಿನಾ ಇಟ್ಟರು. ದಿನಾ ತಿಂದರು. ಆಸ್ಪತ್ರೆಯವರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು, ವೇಣು ಕೈಗೆ ಎಣ್ಣೆ ತಿಕ್ಕಿದ. ಯುಗಾದಿ ಹೊತ್ತಿಗೆ ಚನ್ನರಾಯಪ್ಪ ಮಧ್ಯಾಹ್ನಕ್ಕಷ್ಟೇ ಅಲ್ಲ, ಬೆಳಗಿನ ಕಾಫಿಗೂ ಬರತೊಡಗಿದ್ದರು. ಅತ್ತೆ ಎರಡು ಲೋಟ ಇಟ್ಟುಕೊಂಡು ಕೂರುವುದನ್ನು ಅರ್ಪಿತ ನೋಡಿದಳು. ಈ ಮನೆಗೆ ಬಂದಾಗಿನಿಂದ ಅವಳನ್ನು ಮಗಳಂತೆ ನೋಡಿಕೊಂಡ ಜೀವ ಅದು. ಆಕೆಯನ್ನು ಮಾವನಿಗೆ ಬಿಟ್ಟುಕೊಡಲು ಅವಳು ತಯಾರಿರಲಿಲ್ಲ.

ಅತ್ತೆಯ ಅಡಕೆ ಚೀಲದಿಂದ ಎರಡು ಎಲೆ ಕದ್ದು ಅವಳು ಲ್ಯಾಬಿಗೆ ಒಯ್ದಳು. ಅಲ್ಲಿ ಮಿಷನ್ ನೋಡಿಕೊಳ್ಳುತ್ತಿದ್ದವಳು ಶ್ರೀವಾಣಿ. ಮಣ್ಣಿನದು, ನೀರಿನದು, ಹಿಪ್ಪುನೇರಳೆ ಸೊಪ್ಪಿನದು ದಿನವೂ ನೋಡುತ್ತಿದ್ದವಳು ಹೊಗೆಸೊಪ್ಪು ಕಂಡು ತಮಾಷೆ ಮಾಡಿದಳು. ಎಲೆಯನ್ನು ಸುಟ್ಟು ಬೂದಿ ಮಾಡಿ, ಆಸಿಡ್ಡಿನಲ್ಲಿ ಕರಗಿಸಿ ನೋಡಿದ ಮೇಲೆ ತಮಾಷೆ ನಿಂತಿತು.

"ಪೊಟ್ಯಾಷ್, ಸುಣ್ಣ, ಕಬ್ಬಿಣ, ಸತು ಎಲ್ಲಾ ಇದೆ. ಇವೆಲ್ಲಾ ಯಾವ ಹೊಗೆಸೊಪ್ಪಲ್ಲಾದ್ರೂ ಇರತ್ತೆ," ಎಂದಳು. "ಆದ್ರೆ ಸೀಸ ನೋಡು. ಇನ್ನೊಂದ್ ಸಲ ಹಾಕ್ದೆ, ಅಷ್ಟೇ ಬಂತು. ಕ್ಯಾಡ್ಮಿಯಮ್ಮೂ ಜಾಸ್ತಿ. ಈ ಗಿಡಾನೇ ಹಂಗೆ, ಮಣ್ಣಲ್ಲಿ ಏನಿದ್ರೂ ಎಲೆಗೆ ಎಳ್ಕೊಂಡ್ಬಿಡತ್ತೆ. ಯಾರೇ ತಿಂತಿರೋದು ಇದನ್ನ?"

ಸೀಸ ಎಂದ ಕೂಡಲೇ ಅರ್ಪಿತಳಿಗೆ ಮಾವನ ಕೆಲಸ ನೆನಪಾಯಿತು. ಮಾಲೂರು ಕಡೆ, ಬೋರ್ಡೂ ಇಲ್ಲದ ಒಂದು ತಗಡಿನ ಶೆಡ್ಡು; ಹಳೆ ಬ್ಯಾಟರಿ ಒಡೆದು, ಸೀಸ ಕರಗಿಸಿ ಗಟ್ಟಿ ಮಾಡುವ ಕುಲುಮೆ. ಚನ್ನರಾಯಪ್ಪನ ಆಯಸ್ಸೆಲ್ಲ ಅಲ್ಲೇ ಕಳೆದಿತ್ತು. ಅವರು ಸತ್ತ ವರ್ಷವೇ ಅದು ಬಾಗಿಲು ಹಾಕಿತ್ತು.

ಆ ಸಂಜೆ ಅವಳು ಮಾಡಿದ್ದು ಶುದ್ಧ ಅವಸರದ ಕೆಲಸ. ಬಸ್ಸಿಳಿದವಳೇ ಅತ್ತೆಯ ಮುಂದೆ ಕೂತು ಎಲ್ಲ ಒದರಿಬಿಟ್ಟಳು. ಎಲೆಯಲ್ಲಿ ಸೀಸ ಇದೆ, ಮಾವನ ಮೈಗೆ ಸೇರಿದ್ದೂ ಅದೇ, ಇನ್ನು ತಿನ್ನಬೇಡಿ ಎಂದಳು. ಆದಿಲಕ್ಷ್ಮಮ್ಮ ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ಅವರ ಮುಖ ಅರಳಿತು.

"ಅಂದ್ರೆ ಅವ್ರ ಮೈಯಲ್ಲಿದ್ದಿದ್ದೇ ಎಲೆಗೆ ಬಂದದೆ ಅಂತ ಮಿಷನ್ನೂ ಹೇಳ್ತು ಅನ್ನು!"

"ಅತ್ತೆ, ಅದು ವಿಷ."

"ವಿಷಾನೋ ಅಮೃತಾನೋ, ಅವ್ರೇ ಅಲ್ವೇನೇ? ನಾನು ಹೇಳಿದ್ರೆ ಯಾರೂ ನಂಬ್ತಿರಲಿಲ್ಲ."

ಬೆಳಗಾಗುವಷ್ಟರಲ್ಲಿ ಮುತ್ಯಾಲಮ್ಮನಿಗೂ ಸುದ್ದಿ ಮುಟ್ಟಿತ್ತು. ಸೊಸೆಯ ಲ್ಯಾಬಿನಲ್ಲೇ ಚನ್ನರಾಯಪ್ಪ ಪತ್ತೆಯಾದನಂತೆ! ಅರ್ಪಿತ ತಲೆ ಚಚ್ಚಿಕೊಂಡಳು. ಹೇಳಬಾರದ ಹೊತ್ತಲ್ಲಿ ಹೇಳಿದ ಸತ್ಯ ಅತ್ತೆಯ ಕೈಗೆ ಇನ್ನೆರಡು ಎಲೆ ಹೆಚ್ಚು ಕೊಟ್ಟಿತ್ತು. ಅವರು ಮಾವನನ್ನು ಅಗಿಯುತ್ತಿದ್ದಾರೆ ಎಂಬ ಯೋಚನೆ ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ. ಹೊಲದ ಕಡೆಯಿಂದ ಗಾಳಿ ಬೀಸಿದರೆ ಸಾಕು, ಅವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು.

ಮತ್ತೆ ಶ್ರೀವಾಣಿಯ ಹತ್ತಿರವೇ ಹೋಗಿ, ನಾಚಿಕೆ ಬಿಟ್ಟು ಕೇಳಿದಳು. ಒಬ್ಬ ಮನುಷ್ಯನ ಮೂಳೆಯಿಂದ ಗಿಡಕ್ಕೆ ಇಷ್ಟು ಸೀಸ ಏರುತ್ತದೆಯೇ?

"ಚಾನ್ಸೇ ಇಲ್ಲ," ಎಂದಳು ಶ್ರೀವಾಣಿ. "ಆ ಮಣ್ಣಿಗೆ ಯಾರೋ ಏನೋ ಸುರಿದಿದಾರೆ. ಮನೇಲಿ ಕೇಳು."

ವೇಣುವನ್ನು ಕೇಳಿದರೆ ಅವನು ಸೀದಾ ಹೇಳಿದ. ಅಪ್ಪನನ್ನು ಮಣ್ಣು ಮಾಡಿದ ಮೇಲಿನ ಮೊದಲ ಮಳೆಗೇ ಸಮಾಧಿ ಕುಸಿದಿತ್ತು. ಮುಚ್ಚುತ್ತಿದ್ದ ಶೆಡ್ಡಿನವರು ಕುಲುಮೆಯ ಬೂದಿಯನ್ನು ಯಾರು ಬೇಕಾದರೂ ಹೊತ್ತುಕೊಂಡು ಹೋಗಿ ಅಂದಿದ್ದರು. ಹೊಗೆಸೊಪ್ಪಿಗೆ ಬೂದಿ ಬಿದ್ದರೇನೇ ಎಲೆಗೆ ಖಾರ ಎಂಬುದು ಅಲ್ಲಿ ಯಾರಿಗೆ ಗೊತ್ತಿಲ್ಲ? ಅಮ್ಮನೇ ಹೇಳಿ ಟ್ರ್ಯಾಕ್ಟರಿನಲ್ಲಿ ತರಿಸಿ, ದಿಬ್ಬದ ತುಂಬ ಹಾಕಿಸಿದ್ದಳು. ಒಲೆಯ ಬೂದಿ ಬೇರೆ, ಬ್ಯಾಟರಿ ಕುಲುಮೆಯ ಬೂದಿ ಬೇರೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

"'ಅವ್ರು ದಿನಾ ಎತ್ತಿ ಹಾಕಿದ ಬೂದಿ ಕಣೋ, ಅವ್ರ ಕೈ ಮುಟ್ಟಿರೋದು, ಅವ್ರ ಮೇಲೇ ಇರ್ಲಿ' ಅಂದ್ಳು. ನಂಗೂ ಸರಿ ಅನ್ನಿಸ್ತು," ಎಂದು ವೇಣು ತಲೆ ತಗ್ಗಿಸಿದ.

ಮಾರನೆಯ ದಿನ ಅಮಾವಾಸ್ಯೆ. ಸಮಾಧಿಯ ಮುಂದೆ ಮುದ್ದೆ, ಹುರುಳಿ ಸಾರು, ಪಕ್ಕದಲ್ಲಿ ಎಲೆ. ಕಾಗೆ ಮುಟ್ಟಲಿ ಎಂದು ಅತ್ತೆ ಹಿಂದೆ ಸರಿದು ಕೂತಿದ್ದರು. ಅರ್ಪಿತ ಈ ಸಲ ಅವಸರ ಮಾಡಲಿಲ್ಲ. ಪಕ್ಕದಲ್ಲಿ ಕೂತು, ಅವರ ಜೋತ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

"ಅತ್ತೆ, ಎಲೇಲಿ ಇರೋದು ಮಾವ ಅಲ್ಲ. ಆ ಶೆಡ್ಡು. ನೀವು ತರ್ಸಿದ್ ಬೂದೀಲಿ ಬಂದಿದೆ. ಮಾವನ್ನ ಅಷ್ಟು ವರ್ಷ ತಿಂದಿದ್ದು ಅದೇ."

ಆದಿಲಕ್ಷ್ಮಮ್ಮ ಎಡೆಯ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು, ಮತ್ತೆ ಎಡೆಯ ಕಡೆ ನೋಡಿದರು. ಅರ್ಪಿತ ಅವರ ಪ್ರಾಣಕ್ಕಾಗಿ ಬೇಡಿಕೊಳ್ಳಲು ಮಾತು ಕೂಡಿಸಿಕೊಂಡು ಬಂದಿದ್ದಳು. ಅದು ಬೇಕಾಗಲಿಲ್ಲ. ಅತ್ತೆಗೆ ತಮ್ಮ ಪ್ರಾಣದ ನೆನಪೇ ಇರಲಿಲ್ಲ.

"ಅಯ್ಯೋ," ಎಂದರು. "ಸತ್ತಾದ್ರೂ ಆ ಶೆಡ್ಡಿಂದ ಬಿಡ್ಸ್ಕೊಂಡ್ರು ಅಂದ್ಕೊಂಡಿದ್ದೆ. ನಾನೇ ಕೈಯಾರ ಮೈ ಮೇಲೆ ಸುರಿಸ್ದೆ. ಅದ್ರಲ್ಲಿ ಬೆಳ್ದಿದ್ದನ್ನೇ ತಿನ್ನಿ ತಿನ್ನಿ ಅಂತ ದಿನಾ ಇಟ್ನಲ್ಲೇ."

ಹಿರಿಯರಿಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟುವ ಮೊದಲು ಯಾರೂ ಹಿಂದಕ್ಕೆ ತೆಗೆಯುವುದಿಲ್ಲ. ಅವರು ಎದ್ದು ಹೋಗಿ ಎಲೆಯನ್ನು ತೆಗೆದರು. ಬಾಯಲ್ಲಿದ್ದುದನ್ನು ಉಗಿದರು. ಎಡಗೈಯಲ್ಲಿ ಗಿಡ ಹಿಡಿದು ಎಳೆದರು, ಬರಲಿಲ್ಲ. ಅರ್ಪಿತ ಕೈ ಸೇರಿಸಿದಳು. ವೇಣು ಚೀಲ ತಂದ. ಸುಟ್ಟರೆ ಹೊಗೆಯೂ ವಿಷ ಎಂದು ಶ್ರೀವಾಣಿ ಎಚ್ಚರಿಸಿದ್ದಳು, ಆದ್ದರಿಂದ ಕಿತ್ತದ್ದನ್ನೆಲ್ಲ ಚೀಲಕ್ಕೆ ತುಂಬಿ ಬಾಯಿ ಹೊಲಿದರು. ಬೂದಿ ಗಾಳಿಗೆ ಹಾರದ ಹಾಗೆ ದಿಬ್ಬಕ್ಕೆ ಚಪ್ಪಡಿ ಹಾಸಿದರು. ಆದಿಲಕ್ಷ್ಮಮ್ಮ ಆ ದಿನವಿಡೀ ಗಂಡನಲ್ಲಿ ತಪ್ಪಾಯಿತು ತಪ್ಪಾಯಿತು ಎನ್ನುತ್ತಲೇ ಇದ್ದರು. ಮಾವ ಉತ್ತರ ಕೊಟ್ಟರೋ ಇಲ್ಲವೋ, ಅರ್ಪಿತಳಿಗೆ ಕೇಳಿಸಲಿಲ್ಲ.

ರಕ್ತ ಪರೀಕ್ಷೆಯಾಯಿತು, ಸೀಸ ಇಳಿಸುವ ಔಷಧಿಯಾಯಿತು. ಹೊಟ್ಟೆನೋವು ಮೊದಲು ಹೋಯಿತು, ಕೈ ನಿಧಾನವಾಗಿ ಮೇಲೆದ್ದಿತು. ಮಹಾಲಯ ಅಮಾವಾಸ್ಯೆಗೆ ಅತ್ತೆ ತಾವೇ ಮುದ್ದೆ ಕಟ್ಟಿದರು. ಎಡೆಯಲ್ಲಿ ಎಲ್ಲ ಇತ್ತು, ಹೊಗೆಸೊಪ್ಪೊಂದಿರಲಿಲ್ಲ. ಕಾಗೆ ಬಂದು ಮುಟ್ಟಿ ಹೋಯಿತು. ವೇಣು ಊಟಕ್ಕೆ ಎದ್ದು ಹೋದ. ಅತ್ತೆ ಮಾತ್ರ ಏಳಲಿಲ್ಲ. ಬರಿದಾದ ಮೂಲೆಯಲ್ಲಿ ಮಧ್ಯಾಹ್ನ ಇಳಿಯುವವರೆಗೂ ಕೂತರು. ಅರ್ಪಿತ ಕರೆಯಲು ಹೋದಳು. ಅವರ ಮುಖಕ್ಕೆ ಬಣ್ಣ ಮರಳಿತ್ತು, ಕೆನ್ನೆ ತುಂಬಿತ್ತು. ಅದನ್ನು ಕಂಡು ಅವಳಿಗೆ ಗೆದ್ದಷ್ಟು ಸಂತೋಷವಾಯಿತು.

"ಬನ್ನಿ ಅತ್ತೆ, ಯಾಕಿಲ್ಲಿ ಕೂತಿದೀರ?"

"ಬರ್ತಾ ಇಲ್ಲ ಕಣೇ ಅವ್ರು. ಔಷಧಿ ಶುರುವಾದಾಗಿಂದ ಒಂದ್ ದಿನಾನೂ ಬಂದಿಲ್ಲ," ಎಂದರು ಆದಿಲಕ್ಷ್ಮಮ್ಮ. ಕೋಪವಿರಲಿಲ್ಲ ಆ ದನಿಯಲ್ಲಿ. ಸೊಸೆಯ ಕೈಹಿಡಿದು ಎದ್ದು, ಸೀರೆಯ ಮಣ್ಣು ಕೊಡವಿಕೊಂಡರು. "ನಿಂಗೆ ನಾನು ಬೇಕಾಗಿತ್ತು, ಉಳಿಸ್ಕೊಂಡೆ. ನಿನ್ ತಪ್ಪೇನಿಲ್ಲ ಬಿಡಮ್ಮ. ನಂಗೆ ಅವ್ರು ಬೇಕಾಗಿತ್ತು."