ಮೇನ್ ಸ್ವಿಚ್ಚಿನ ಮೇಲಿನ ಚೀಟಿ

ನಾನು ಪುಕ್ಕಲಿ. ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ, ನಮ್ಮ ಕೆಲಸಕ್ಕೆ ಹೆದರುವವರೇ ಬೇಕು. ಮನೆಯಲ್ಲೇ ಇರುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್ ತಲುಪಿಸುವ ಅಂಗಡಿ ನಮ್ಮದು. ಇಪ್ಪತ್ತಮೂರು ಮನೆಗಳಲ್ಲಿ ಇಪ್ಪತ್ತಮೂರು ಜನ ನಮ್ಮನ್ನು ನಂಬಿ ಉಸಿರಾಡುತ್ತಾರೆ. ಯಾರ ಸಿಲಿಂಡರ್ ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ ಎನ್ನುವುದನ್ನು ನಾವು ಮರೆತರೆ, ಆಮೇಲೆ ತಪ್ಪಾಯಿತು ಎಂದು ಹೇಳಿಕೊಳ್ಳಲು ಆ ಮನುಷ್ಯನೇ ಇರುವುದಿಲ್ಲ.

ಅಂಗಡಿ ದೊಡ್ಡಪ್ಪನದು. ಅವರು ಮಹಡಿಯ ಮೇಲೆ ಒಬ್ಬರೇ ಇರುತ್ತಾರೆ, ಕೆಳಗೆ ಅಂಗಡಿ. ಮೊದಲಿನಿಂದಲೂ ಗೋಡೆಯ ಕಪ್ಪು ಹಲಗೆಯ ಮೇಲೆ ಮನೆಗಳ ಪಟ್ಟಿ ಬರೆಯುತ್ತಿದ್ದವರು ಅವರೇ. ಎರಡು ವರ್ಷದ ಹಿಂದೆ ಒಂದು ದಿನ ಸೀಮೆಸುಣ್ಣವನ್ನು ನನ್ನ ಕೈಗೆ ಕೊಟ್ಟು, "ಇನ್ಮೇಲೆ ನೀನೇ ಬರಿ," ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಹಲಗೆಯ ಮುಂದೆ ಕೈಕಟ್ಟಿ ನಿಂತು, "ಏ ಪುಕ್ಕಲಿ, ಜೋರಾಗಿ ಓದು ನೋಡೋಣ," ಎನ್ನುತ್ತಿದ್ದರು. ನಾನು ಶಾಲೆಯ ಹುಡುಗಿಯ ಹಾಗೆ ಓದುತ್ತಿದ್ದೆ. ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡು ನನಗೆ ಒಳಗೊಳಗೇ ಉರಿಯುತ್ತಿತ್ತು.

ದೊಡ್ಡಪ್ಪನಿಗೆ ಎದುರು ನಿಂತು ಮಾತಾಡುವ ಎದೆಗಾರಿಕೆ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ತೀರಿಹೋದ ದೊಡ್ಡಮ್ಮನೇ ಅದಕ್ಕೊಂದು ಉಪಾಯ ಹುಡುಕಿದ್ದು. ಸಾಬೂನು ಮುಗಿದರೆ 'ಸಾಬೂನು ಇಲ್ಲ' ಎಂದು ಚೀಟಿ ಬರೆದು ಅವರ ಕನ್ನಡಿಗೆ ಅಂಟಿಸಿಬಿಡುತ್ತಿದ್ದರು. ಸಂಜೆಯೊಳಗೆ ಸಾಬೂನು ಬರುತ್ತಿತ್ತು, ಮಾತಿಲ್ಲ ಕತೆಯಿಲ್ಲ. ಅದೇ ರೂಢಿ ಅಂಗಡಿಗೂ ಬಂತು. ವ್ಯಾನಿನ ಚಕ್ರ ಸವೆದರೆ ಚೀಟಿ, ರಜೆ ಬೇಕಿದ್ದರೆ ಚೀಟಿ. ಆದರೆ ಒಂದೆರಡು ವರ್ಷದಿಂದ ಈಚೆಗೆ ಚೀಟಿಗಳಿಗೆ ಉತ್ತರ ಬರುವುದು ನಿಂತಿತ್ತು. ಮುದುಕರಿಗೆ ಜಂಬ ಹೆಚ್ಚಾಗಿದೆ ಎಂದು ನಮ್ಮ ಡ್ರೈವರ್ ಲಂಬು ಗೊಣಗುತ್ತಿದ್ದ. ನಾವು ಇನ್ನಷ್ಟು ಚೀಟಿ ಅಂಟಿಸಿದೆವು.

ಹಲಗೆಯಲ್ಲಿ ಜಾಗ ಸಾಲದೆ ಸಾಫ್ಟ್‌ವೇರ್ ಕೊಳ್ಳುವುದೆಂದು ನಿರ್ಧಾರವಾಯಿತು. ಯಾವ ಮನೆಗೆ ಯಾವ ಸಿಲಿಂಡರ್ ಹೋಯಿತು, ಯಾವಾಗ ಮುಗಿಯುತ್ತದೆ, ಗೋದಾಮಿನಲ್ಲಿ ಎಷ್ಟಿದೆ, ಎಲ್ಲವನ್ನೂ ಅದೇ ನೋಡಿಕೊಂಡು ದಿನಾ ಬೆಳಿಗ್ಗೆ ಆರಕ್ಕೆ ಲಂಬುವಿನ ಫೋನಿಗೂ ನನ್ನ ಫೋನಿಗೂ ಪಟ್ಟಿ ಕಳಿಸುತ್ತದೆ. ಮಾರಲು ಬಂದಾಕೆ ನೆಟ್ಟಗೆ ಮಾತಾಡುವ ಹೆಂಗಸು. ಸಾಫ್ಟ್‌ವೇರನ್ನು ಎಲ್ಲಿ ಇಡುತ್ತೀರಿ ಎನ್ನುವುದು ಅವಳ ಮೊದಲ ಪ್ರಶ್ನೆ. ಅದೊಂದು ಪ್ರಶ್ನೆ ಇರಬಹುದೆಂದೇ ನನಗೆ ಗೊತ್ತಿರಲಿಲ್ಲ.

"ಮೂರು ದಾರಿ ಇದೆ ಮೇಡಂ," ಎಂದಳು. "ಒಂದು ಸರ್ವರ್ ಕಂಪ್ಯೂಟರ್ ತಂದು ನಿಮ್ಮ ಅಂಗಡೀಲೇ ಇಡೋದು. ಇಲ್ಲಾ, ಹೋಸ್ಟಿಂಗ್ ಕಂಪನಿಯವರ ಹತ್ರ ಅವರ ಕಂಪ್ಯೂಟರಲ್ಲೇ ಜಾಗ ಬಾಡಿಗೆಗೆ ತಗೊಂಡು ನೀವೇ ನೋಡ್ಕೊಳ್ಳೋದು. ಇಲ್ಲಾ ಅಂದ್ರೆ ಜಾಗಾನೂ ಅವರದ್ದೇ, ಹಗಲೂ ರಾತ್ರಿ ಕಾಯೋದೂ ಅವರೇ."

ದೊಡ್ಡಪ್ಪ ನನ್ನ ಕಡೆ ಮುಖ ತಿರುಗಿಸಿ, "ನೀನೇ ಹೇಳು," ಎಂದರು.

ಮೂರು ದಿನ ನನಗೆ ಊಟ ಸೇರಲಿಲ್ಲ. ಹೊರಗಿಟ್ಟರೆ ಇಂಟರ್ನೆಟ್ ಹೋದ ದಿನ ಏನು ಗತಿ ಎಂಬ ಭಯ. ಕಂಡು ಕೇಳದ ಜನ ನಮ್ಮ ರೋಗಿಗಳ ವಿಳಾಸ ನೋಡಿದರೆ ಎಂಬ ಭಯ. ಆ ಕಂಪನಿಯೇ ಒಂದು ದಿನ ಬಾಗಿಲು ಹಾಕಿಕೊಂಡು ಹೋದರೆ? ಕೊನೆಗೆ ಕಣ್ಣೆದುರಿಗಿರುವುದೇ ವಾಸಿ ಎಂದುಕೊಂಡು, "ನಮ್ಮಲ್ಲೇ ಇರಲಿ," ಎಂದೆ. ಧೈರ್ಯದಿಂದ ಆರಿಸಿದ್ದಲ್ಲ ಅದು, ಕಡಿಮೆ ಹೆದರಿಕೆ ಯಾವುದರದ್ದೋ ಅದನ್ನು ಆರಿಸಿದೆ.

"ಒಂದು ತಿಂಗಳು ಇಟ್ಟು ನೋಡಿ, ಆಮೇಲೆ ಸಹಿ ಹಾಕಿದ್ರಾಯ್ತು," ಎಂದು ಅವಳು ಸೋಮವಾರ ಸರ್ವರನ್ನು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇಟ್ಟಳು. ಹೊರಡುವಾಗ ಗೋಡೆಯ ಮೇನ್ ಸ್ವಿಚ್ಚನ್ನು ತೋರಿಸಿದಳು. "ಕರೆಂಟ್ ಹೋದ್ರೆ ಬ್ಯಾಟರಿ ಎರಡು ಗಂಟೆ ಎಳೆಯುತ್ತೆ, ಅಷ್ಟೇ. ಇದನ್ನ ಮಾತ್ರ ಯಾರೂ ಆಫ್ ಮಾಡಬಾರದು. ಯಜಮಾನರಿಗೆ ನೀವೇ ಹೇಳಿಬಿಡಿ."

ಅಂಗಡಿ ಮುಚ್ಚುವಾಗ ಮೇನ್ ಆಫ್ ಮಾಡುವುದು ದೊಡ್ಡಪ್ಪ ಹಾಕಿದ ಕಟ್ಟಳೆ. ಆಕ್ಸಿಜನ್ ಇರುವ ಕಡೆ ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಹೋಗುತ್ತದೆ ಎಂದು ನನ್ನ ತಲೆಗೆ ತುಂಬಿದವರೇ ಅವರು. ಅವರ ಮುಂದೆ ನಿಂತು 'ಮೇನ್ ಆಫ್ ಮಾಡಬೇಡಿ' ಎನ್ನುವುದೇ? ವಾರದ ದಿನಗಳಲ್ಲಿ ಬಾಗಿಲು ಹಾಕುವುದು ನಾನು, ಹಾಗಾಗಿ ಐದೂ ದಿನ ಕಳ್ಳಿಯಂತೆ ಮೇನ್ ಆಫ್ ಮಾಡದೆ ಮನೆಗೆ ಹೋದೆ. ಶನಿವಾರ ಮಾತ್ರ ಅರ್ಧ ದಿನ, ಅಂದು ಬಾಗಿಲು ಹಾಕುವುದು ಅವರೇ. ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮೀನಮೇಷ ಎಣಿಸುತ್ತಲೇ ಶನಿವಾರ ಬಂತು. ಹೊರಡುವ ಮುಂಚೆ 'ದಯವಿಟ್ಟು ಮೇನ್ ಆಫ್ ಮಾಡಬೇಡಿ, ಸರ್ವರ್ ಇದೆ' ಎಂದು ಕೆಂಪು ಶಾಯಿಯಲ್ಲಿ ಬರೆದು ಸ್ವಿಚ್ಚಿನ ಮೇಲೆಯೇ ಅಂಟಿಸಿದೆ. ಎರಡು ಪಟ್ಟಿ ಇದ್ದರೆ ಗೊಂದಲವೆಂದು ಹಲಗೆಯನ್ನು ಹಿಂದಿನ ದಿನವೇ ಒರೆಸಿಬಿಟ್ಟಿದ್ದೆ.

ಭಾನುವಾರ ತಡವಾಗಿ ಎದ್ದು ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಎಂಟೂವರೆಯ ಹೊತ್ತಿಗೆ, ಫೋನು ಬೆಳಿಗ್ಗೆಯಿಂದ ಸುಮ್ಮನೆ ಬಿದ್ದಿದೆಯಲ್ಲ ಎನ್ನಿಸಿತು. ತೆಗೆದು ನೋಡಿದೆ. ಆರು ಗಂಟೆಯ ಪಟ್ಟಿ ಬಂದಿರಲಿಲ್ಲ. ಲಂಬುವಿಗೆ ಫೋನ್ ಮಾಡಿದೆ.

"ನನಗೂ ಬಂದಿಲ್ಲ ಅಕ್ಕ. ಪಟ್ಟಿ ಇಲ್ಲ ಅಂದ್ರೆ ಇವತ್ತು ಯಾರಿಗೂ ಬೇಡವೇನೋ ಅಂದ್ಕೊಂಡು ಅತ್ತೆ ಮನೆಗೆ ಹೊರಟೆ. ಅರ್ಧ ದಾರೀಲಿದೀನಿ."

"ತಿರುಗಿಸು ವ್ಯಾನು," ಎಂದೆ.

ಅಂಗಡಿಗೆ ಸ್ಕೂಟರಿನಲ್ಲಿ ಹೇಗೆ ಹೋದೆನೋ ನೆನಪಿಲ್ಲ. ಬಾಗಿಲು ತೆಗೆದರೆ ಒಳಗೆ ಕತ್ತಲು. ಒಂದು ದೀಪವಿಲ್ಲ, ಸರ್ವರಿನ ಸದ್ದಿಲ್ಲ. ಮೇನ್ ಸ್ವಿಚ್ ಆಫ್ ಆಗಿ ಕೆಳಗಿಳಿದಿತ್ತು. ನನ್ನ ಚೀಟಿ ಅಂಟಿಸಿದಲ್ಲೇ ಇತ್ತು, ಒಂದು ಮೂಲೆ ಮಾತ್ರ ಮಡಚಿಕೊಂಡಿತ್ತು. ಸ್ವಿಚ್ಚನ್ನು ಮೇಲೆತ್ತಿದೆ. ಪರದೆಯ ಮೇಲೆ ಸಣ್ಣ ಚಕ್ರವೊಂದು ತಿರುಗತೊಡಗಿತು, ತಿರುಗುತ್ತಲೇ ಇತ್ತು.

ಇಪ್ಪತ್ತಮೂರು ಮನೆ. ಯಾವುದು ಮೊದಲು? ವಿಳಾಸ, ಫೋನ್ ನಂಬರ್ ಎಲ್ಲ ಆ ಚಕ್ರದ ಹಿಂದೆ. ಗೋಡೆಯ ಹಲಗೆ ತೊಳೆದ ಹಾಗೆ ಖಾಲಿ. ಎಲ್ಲೋ ಒಂದು ಕೋಣೆಯಲ್ಲಿ ಯಾರೋ ಗೇಜಿನ ಮುಳ್ಳು ಇಳಿಯುವುದನ್ನು ನೋಡುತ್ತಾ, ಇನ್ನೇನು ಬರುತ್ತಾರೆ ಎಂದು ಕೂತಿದ್ದಾರೆ, ಅದು ಯಾರೆಂದು ನನಗೆ ಗೊತ್ತಿಲ್ಲ. ಕುರ್ಚಿ ಎಳೆದು ಪರದೆಯ ಮುಂದೆ ಕೂತೆ.

ಸದ್ದು ಕೇಳಿ ದೊಡ್ಡಪ್ಪ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದರು. "ಯಾರದು? ಭಾನುವಾರ ಏನು ಮಾಡ್ತಿದೀಯ?"

"ದೊಡ್ಡಪ್ಪ, ಪಟ್ಟಿ ಹೋಗಿಲ್ಲ. ಯಾರಿಗೂ ಸಿಲಿಂಡರ್ ಹೋಗಿಲ್ಲ. ಇದು ಆನ್ ಆಗ್ತಿಲ್ಲ."

ಬೈಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು ಬೈಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಬೆರಳು ಮಡಚತೊಡಗಿದರು. "ಗುರುವಾರ ಸಂಜೆ ಟೈಲರಮ್ಮಂಗೆ ದೊಡ್ಡದು ಒಂದೇ ಹೋಗಿದ್ದು. ಎರಡನೇದು ಭಾನುವಾರಕ್ಕೆ ಅಂತ ನೀನೇ ಹಲಗೇಲಿ ಓದಿದೆ. ಅವಳು ಗಾಳೀನ ನಿಮಿಷಕ್ಕೆ ಎರಡು ಲೀಟರಲ್ಲಿ ಇಟ್ಕೊತಾಳೆ." ಮತ್ತೆರಡು ಬೆರಳು ಮಡಚಿದರು. "ಒಂಬತ್ತೂವರೆಗೆ ಮುಗಿಯುತ್ತೆ. ಮೇಷ್ಟ್ರದ್ದು ಸಂಜೆ ನಾಲ್ಕಕ್ಕೆ, ಅವಳಿ ಮಕ್ಕಳ ಅಜ್ಜೀದು ಆರಕ್ಕೆ. ಮಿಕ್ಕವರಿಗೆಲ್ಲ ನಾಳೆ ತನಕ ಇದೆ. ಸಣ್ಣ ಸಿಲಿಂಡರ್ ತಗೋ, ನಡಿ."

ಗಡಿಯಾರದಲ್ಲಿ ಒಂಬತ್ತೂ ಹತ್ತು. ಟೈಲರಮ್ಮ ನನ್ನ ಶಾಲೆಯ ಯೂನಿಫಾರಂ ಹೊಲಿದವಳು, ಪ್ರತಿ ವರ್ಷ ಅಂಚಿನಲ್ಲಿ ಎರಡಿಂಚು ಹೆಚ್ಚು ಬಟ್ಟೆ ಮಡಚಿ ಇಡುತ್ತಿದ್ದವಳು. ಮೂರನೇ ಮಹಡಿ, ಲಿಫ್ಟ್ ಇಲ್ಲ. ಮಗಳು ಆಸ್ಪತ್ರೆಯ ಪಾಳಿ ಮುಗಿಸಿ ಮಧ್ಯಾಹ್ನಕ್ಕೆ ಬರುತ್ತಾಳೆ. ಅಲ್ಲಿಯವರೆಗೆ ಒಬ್ಬಳೇ.

ದೊಡ್ಡಪ್ಪ ಸ್ಕೂಟರಿನ ಹಿಂದೆ ಸಿಲಿಂಡರನ್ನು ಮಗುವಿನ ಹಾಗೆ ತಬ್ಬಿಕೊಂಡು ಕೂತರು. ಸಿಗ್ನಲ್ ಕೆಂಪಾದಾಗ ಮತ್ತೆ ಮತ್ತೆ ವಾಚು ನೋಡಿದೆ. ಅವಳ ಮನೆ ತಲುಪಿದಾಗ ಒಂಬತ್ತೂ ನಲವತ್ತು. ಮೆಟ್ಟಿಲಲ್ಲಿ ಸಿಲಿಂಡರಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ಅವರು. ಅವರ ಮತ್ತೊಂದು ಕೈ ನನ್ನ ಹೆಗಲ ಮೇಲಿತ್ತು. ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ಹತ್ತುತ್ತಿದ್ದರು. ಬೇಗ ದೊಡ್ಡಪ್ಪ, ಬೇಗ, ಎಂದು ಮನಸ್ಸಿನಲ್ಲೇ ಕೂಗುತ್ತಿದ್ದೆ. ಬಾಯಿ ಬಿಟ್ಟು ಅದನ್ನೂ ಹೇಳಲಿಲ್ಲ.

ಲಂಬು ಬರುತ್ತಾನೆಂದು ಟೈಲರಮ್ಮ ಬಾಗಿಲನ್ನು ಬರೀ ಒರಗಿಸಿಟ್ಟಿದ್ದಳು. ಹೊಲಿಗೆ ಯಂತ್ರದ ಮೇಲೆ ಎರಡೂ ಕೈ ಊರಿ, ಕಿಟಕಿಯ ಕಡೆ ಬಾಗಿ ಕೂತಿದ್ದಳು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಮ್ಮನ್ನು ನೋಡಿದಳು, ಮಾತು ಬರಲಿಲ್ಲ. ಅವಳ ಹೆಗಲು ಒಂದೊಂದು ಉಸಿರಿಗೂ ಕಿವಿಯವರೆಗೆ ಏಳುತ್ತಿತ್ತು. ಸತ್ತೇಹೋಗುತ್ತಾಳೆ, ನನ್ನಿಂದ ಸತ್ತುಹೋಗುತ್ತಾಳೆ, ಎಂಬುದೊಂದು ಬಿಟ್ಟು ನನ್ನ ತಲೆಯಲ್ಲಿ ಏನೂ ಇರಲಿಲ್ಲ.

ದೊಡ್ಡಪ್ಪ ನೆಲದ ಮೇಲೆ ಮೊಣಕಾಲೂರಿದರು. ಹಳೆಯ ಸಿಲಿಂಡರಿನ ಕತ್ತನ್ನು ಬೆರಳಿನಿಂದ ಹುಡುಕಿ, ಗೇಜನ್ನು ಬಿಚ್ಚಿ, ಹೊಸದಕ್ಕೆ ಕೂರಿಸಿ, ತಿರುಗಿಸಿದರು. ಕಿವಿ ಹತ್ತಿರ ತಂದು ಗಾಳಿಯ ಸದ್ದು ಕೇಳಿದರು. ಒಮ್ಮೆಯೂ ತಮ್ಮ ಕೈಯ ಕಡೆ ನೋಡಲಿಲ್ಲ.

"ಮುಳ್ಳು ಎಲ್ಲಿದೆ?" ಎಂದು ಕೇಳಿದರು.

ಗೇಜು ಅವರ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. "ನಿಮ್ಮ ಎದುರಿಗೇ ಇದೆಯಲ್ಲ," ಎಂದೆ.

"ಎಲ್ಲಿದೆ ಅಂತ ಹೇಳು ಮಗಾ," ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ತುಂಬಾ ಇದೆ. ಹಸಿರಿನಲ್ಲಿದೆ."

ನಾವಿಬ್ಬರೂ ಅಲ್ಲೇ ಕೂತೆವು. ಟೈಲರಮ್ಮನ ತುಟಿಗೆ ಬಣ್ಣ ಬರಲು ಕಾಲು ಗಂಟೆ ಹಿಡಿಯಿತು. ಆ ಕಾಲು ಗಂಟೆ ನಾನು ಅವಳ ಉಸಿರನ್ನು ಎಣಿಸಿದೆ, ನಡುವೆ ಎರಡು ಸಲ ಎಣಿಕೆ ತಪ್ಪಿ ಮೊದಲಿನಿಂದ ಶುರುಮಾಡಿದೆ. ಕೊನೆಗೆ ಅವಳು ಕಣ್ಣು ತೆರೆದು, "ಲಂಬು ಎಲ್ಲಿ? ಇವರನ್ಯಾಕೆ ಮೂರು ಮಹಡಿ ಹತ್ತಿಸಿದೆ?" ಎಂದು ನನ್ನನ್ನೇ ಗದರಿದಳು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಫೋನಿನಲ್ಲಿ ಹೇಳಿದಂತೆ ಲಂಬು ದೊಡ್ಡ ಸಿಲಿಂಡರ್ ತಂದ ಮೇಲೆ, ಇಳಿಯುವಾಗ ಎರಡನೇ ಮಹಡಿಯ ತಿರುವಿನಲ್ಲಿ ದೊಡ್ಡಪ್ಪ ನಿಂತರು.

"ಎಷ್ಟು ದಿನದಿಂದ?" ಎಂದು ಕೇಳಿದೆ.

"ಎರಡು ವರ್ಷ. ಬೆಳಕು ಕತ್ತಲು ತಿಳಿಯುತ್ತೆ. ಅಕ್ಷರ ಹೋಯ್ತು."

"ನಾನು ಚೀಟಿ ಅಂಟಿಸಿದ್ದೆ ದೊಡ್ಡಪ್ಪ. ಮೇನ್ ಮೇಲೇನೇ."

"ಕೈಗೆ ಸಿಕ್ತು. ಕಾಗದ ಅಂತ ಗೊತ್ತಾಯ್ತು. ಏನು ಬರೆದಿದೆ ಅಂತ ಯಾರನ್ನ ಕೇಳಲಿ? ಕೇಳಿದ್ರೆ ಕುರುಡ ಅಂತ ತಿಳಿಯುತ್ತೆ, ಬೀಗದ ಕೈ ಕಿತ್ಕೊಂಡು ಮೂಲೇಲಿ ಕೂರಿಸ್ತೀರ. ಅದೊಂದು ಹೆದರಿಕೆ ನನಗೆ."

ಅವರು ಮೆಟ್ಟಿಲಿನ ಕಂಬಿಯನ್ನು ತಡವಿ ಹಿಡಿದುಕೊಂಡರು.

"ನೀನು ಬಾಯಲ್ಲಿ ಹೇಳಬಹುದಿತ್ತು," ಎಂದರು.

"ಹೆದರಿಕೆಯಾಯ್ತು."

"ಯಾರಿಗೆ ಹೆದರಿದೆ? ನನಗಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದಿನ ಮೆಟ್ಟಿಲಿಗೆ ಕಾಲು ಚಾಚಿದರು. ನಾನು ಹೆಗಲು ಕೊಟ್ಟೆ.

ಅಂಗಡಿಗೆ ಮರಳಿದಾಗ ಚಕ್ರ ನಿಂತು ಪಟ್ಟಿ ಬಂದಿತ್ತು. ಟೈಲರಮ್ಮ ಒಂಬತ್ತೂ ಇಪ್ಪತ್ತೈದು, ಮೇಷ್ಟ್ರು ನಾಲ್ಕು, ಅಜ್ಜಿ ಆರು. ಅವರ ತಲೆಯಲ್ಲಿದ್ದದ್ದಕ್ಕೂ ಇದಕ್ಕೂ ಐದೇ ನಿಮಿಷದ ವ್ಯತ್ಯಾಸ. ಆದರೆ ಅವರಿಗೇನಾದರೂ ಆಗಿ ಆ ತಲೆಯೇ ಇಲ್ಲದ ಒಂದು ಭಾನುವಾರ ಬಂದರೆ?

ಮಾರನೆಯ ದಿನ ಸಾಫ್ಟ್‌ವೇರಿನಾಕೆಗೆ ಫೋನ್ ಮಾಡಿ, ತಿಂಗಳು ಕಾಯುವುದು ಬೇಡ, ಕಂಪನಿಯವರೇ ಹಗಲೂ ರಾತ್ರಿ ಕಾಯುವ ಮೂರನೆಯ ದಾರಿಯೇ ಇರಲಿ, ಆರು ಗಂಟೆಯ ಪಟ್ಟಿ ಹೋಗದಿದ್ದರೆ ಆರೂ ಐದಕ್ಕೆ ಒಬ್ಬ ಮನುಷ್ಯ ನನಗೆ ಫೋನ್ ಮಾಡಬೇಕು ಎಂದೆ. ಇಂಟರ್ನೆಟ್ಟಿನ ಭಯ, ಪರರ ಭಯ, ಬಾಗಿಲು ಹಾಕಿಕೊಳ್ಳುವ ಕಂಪನಿಯ ಭಯ, ಒಂದೂ ಹೋಗಿರಲಿಲ್ಲ. ಹಲಗೆಯ ಮೇಲೆ ಮತ್ತೆ ಪಟ್ಟಿ ಬರೆಯಲೂ ಶುರುಮಾಡಿದೆ. ಎರಡು ಪಟ್ಟಿ ಇದ್ದರೆ ಇರಲಿ.

ಅವಳು ಹನ್ನೊಂದು ಪುಟದ ಕರಾರು ತಂದಳು. ದೊಡ್ಡಪ್ಪ ಎಂದಿನಂತೆ ಕೈಕಟ್ಟಿ ಕೂತರು. ಅವರ ಮೇಜಿನ ಮೇಲೆ ಎರಡು ವರ್ಷದ ಚೀಟಿಗಳ ಕಟ್ಟು ಇತ್ತು, ಒಂದನ್ನೂ ಎಸೆದಿರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಎಳೆದುಕೊಂಡು, ಕೇಳದೆಯೇ ಮೊದಲ ಪುಟದಿಂದ ಜೋರಾಗಿ ಓದಿದೆ. ಮುಗಿಸಿ ಪೆನ್ನನ್ನು ಅವರ ಬೆರಳುಗಳ ನಡುವೆ ಇಟ್ಟೆ.

"ಸಹಿ ಎಲ್ಲಿ?" ಎಂದರು.

ಅವರ ಕೈ ಹಿಡಿದು ಗೆರೆಯ ಮೇಲೆ ಇಟ್ಟೆ. ಅವರು ಹೆಸರು ಗೀಚಿದರು.

"ಸಹಿ ಆಯ್ತು. ಆ ಚೀಟಿಗಳನ್ನೂ ಓದು," ಎಂದರು.